ಎಡಕ್ಕೆ ಸವೆದ ಹಲ್ಲು

"ಗಾಡಿ ಒಯ್ಯವ್ವಾ. ಬಣ್ಣಾ ಹಚ್ಚು, ಎಂಜಿನ್ ಬಿಚ್ಚು, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಆ ಸ್ಟೇರಿಂಗ್ ಡಬ್ಬಿಗೆ ಮಾತ್ರ ಕೈ ಹಚ್ಚಬ್ಯಾಡ."

ಈ ಮಾತು ಕಿವಿಗೆ ಬಿದ್ದಾಗ ತಾರಾ ಕಾರಿನ ಕೆಳಗೆ ಅಂಗಾತ ಮಲಗಿ ಟಾರ್ಚು ಹಿಡಿದು ನೋಡುತ್ತಿದ್ದಳು. ಅಲ್ಲಿಂದ ಅವಳಿಗೆ ಕಾಣುತ್ತಿದ್ದದ್ದು ಮಾತಾಡಿದವರ ಪಾದಗಳು ಮಾತ್ರ. ಒಡೆದ ಹಿಮ್ಮಡಿಗಳು, ಕಾಲುಂಗುರ ತೆಗೆದ ಬೆರಳುಗಳ ಮೇಲೆ ಉಳಿದ ತೆಳುವಾದ ಗುರುತು. ಪಾದಗಳು ಶೆಡ್ಡಿನ ಹೊಸ್ತಿಲಿನ ಆಚೆಯೇ ನಿಂತಿದ್ದವು. ಒಳಗೆ ಬರಲಿಲ್ಲ.

ಹೈದರಾಬಾದಿನ ಅಬಿಡ್ಸಿನಲ್ಲಿ, ಹಳೆ ಪುಸ್ತಕದಂಗಡಿಗಳ ಹಿಂದಿನ ಓಣಿಯಲ್ಲಿ ಶಿವದೇವಿಯ ಮನೆ. ಕಲಬುರಗಿಯಿಂದ ಮದುವೆಯಾಗಿ ಬಂದವಳು ಇದೇ ಮನೆಯಲ್ಲಿ ಮುದುಕಿಯಾಗಿದ್ದಳು. ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಅವಳ ಗಂಡನ ಫಿಯಟ್ ಕಾರು ಬೀಗ ಹಾಕಿಸಿಕೊಂಡು ಮೊಮ್ಮಗ ಹುಟ್ಟುವುದಕ್ಕೂ ಮುಂಚಿನಿಂದ ನಿಂತಿತ್ತು. ಟಯರುಗಳು ನೆಲಕ್ಕೆ ಕರಗಿ ಅಂಟಿದ್ದವು. ಪಾರಿವಾಳದ ಹಿಕ್ಕೆ, ತುಕ್ಕು, ಇಲಿ ಗೂಡು ಕಟ್ಟಿದ್ದ ಸೀಟಿನ ಹತ್ತಿ, ಎಲ್ಲ ಸೇರಿ ಮೂಗಿಗೆ ಅಡರುವಂಥ ಒಂದು ನಾತ. ಆ ನಾತದ ಒಳಗೆಲ್ಲೋ ಕೊಬ್ಬರಿ ಎಣ್ಣೆಯ ವಾಸನೆಯೂ ಇತ್ತು. ತಾರಾ ಅದನ್ನು ಅಷ್ಟಾಗಿ ಗಮನಿಸಲಿಲ್ಲ.

ಮೊಮ್ಮಗ ರೋಹಿತನಿಗೆ ತನ್ನ ಮದುವೆಯ ದಿನ ಅಜ್ಜನ ಕಾರಿನಲ್ಲೇ ಮಂಟಪಕ್ಕೆ ಹೋಗಬೇಕೆಂಬ ಆಸೆ. ಅದಕ್ಕಾಗಿಯೇ ತಾರಾಳನ್ನು ಹುಡುಕಿಕೊಂಡು ಬಂದಿದ್ದ. ಮೈಸೂರಿನ ತಾರಾ ಆಟೋಮೊಬೈಲ್ ಓದಿದವಳು. ಗಂಡ ವಿನಾಯಕನಿಗೆ ಹೈದರಾಬಾದಿಗೆ ವರ್ಗವಾದಾಗ ಜೊತೆಗೆ ಬಂದು, ಕುಷಾಯಿಗೂಡದಲ್ಲಿ ಒಂದು ಶೆಡ್ಡು ಹಿಡಿದು, ಹಳೆಯ ಕಾರುಗಳಿಗೆ ಜೀವ ತುಂಬುವ ಕೆಲಸ ಶುರುಮಾಡಿದ್ದಳು. ಊರು ಹೊಸದು. ಹೆಸರು ಈಗಷ್ಟೇ ಬರುತ್ತಿತ್ತು.

ತಾರಾ ಕಾರಿನ ಕೆಳಗಿನಿಂದ ತೆವಳಿ ಹೊರಬಂದು ಕೈ ಒರೆಸಿಕೊಂಡಳು.

"ಅಜ್ಜಿ, ಸ್ಟೀರಿಂಗ್ ಗೇಣುದ್ದ ತಿರುಗಿಸಿದ್ರೂ ಮುಂದಿನ ಚಕ್ರ ಅಲ್ಲಾಡ್ತಿಲ್ಲ. ಹೀಗೇ ಬಿಟ್ರೆ ನಿಮ್ಮ ಮೊಮ್ಮಗ ಮಂಟಪಕ್ಕೆ ಅಂತ ಹೊರಟು ಸೀದಾ ಹುಸೇನ್ ಸಾಗರಕ್ಕೆ ಇಳೀತಾನೆ."

ರೋಹಿತ ಜೋರಾಗಿ ನಕ್ಕ. ಶಿವದೇವಿ ನಗಲಿಲ್ಲ.

"ಅದರಾಗ ಮಾಡಿಸಿದ್ದು ಐತಿ. ಯಾರ ಬಿಚ್ಚತಾರ ಅವರ ತಲಿಮ್ಯಾಲ ಬರ್ತದ."

"ಹಳೇ ಗ್ರೀಸ್ ಇರುತ್ತೆ ಅಜ್ಜಿ. ತಲೆ ಮೇಲಲ್ಲ, ಬಟ್ಟೆ ಮೇಲೆ ಬರುತ್ತೆ. ಸೀಮೆಎಣ್ಣೇಲಿ ತೊಳೆದ್ರೆ ಹೋಗುತ್ತೆ."

ಮುದುಕಿ ಮೊಮ್ಮಗನ ಮುಖ ನೋಡಿದಳು. ಅವನು "ಆಯಿ, ನೀ ಒಳಗ ಹೋಗ ನೋಡೋಣ" ಎಂದು ತಮಾಷೆಯಾಗಿ ಅವಳ ಭುಜ ಹಿಡಿದು ತಿರುಗಿಸಿದ. ಅವಳು ಹೋದಳು. ಹೋಗುವಾಗ ತನ್ನಷ್ಟಕ್ಕೆ ಏನೋ ಹೇಳಿಕೊಂಡಳು. ತಾರಾಳಿಗೆ ಕೇಳಿಸಿದ್ದು ಒಂದೇ ಮಾತು: "ಮನಿ."

* * *

ಕಾರು ಕುಷಾಯಿಗೂಡದ ಶೆಡ್ಡಿಗೆ ಬಂದಮೇಲೆ ತಾರಾ ಮೊದಲು ಕೈ ಹಾಕಿದ್ದೇ ಆ ಪೆಟ್ಟಿಗೆಗೆ. ಬಿಸಿಲು ಏರಿದ ಹೊತ್ತು. ಪಕ್ಕದ ಲೇತ್ ಅಂಗಡಿಯಿಂದ ಕಬ್ಬಿಣ ಕೊಯ್ಯುವ ಸದ್ದು ಒಂದೇ ಸಮ ಬರುತ್ತಿತ್ತು. ಅವಳ ಜೊತೆ ಕೆಲಸ ಮಾಡುವ ಹುಸೇನಪ್ಪ ಬೋಲ್ಟುಗಳನ್ನು ಸಡಿಲಿಸಿ ಕೊಟ್ಟ. ಅವನು ರಾಯಚೂರು ಕಡೆಯವನು, ಈ ಊರಲ್ಲೇ ನೆಲೆ ನಿಂತವನು. ಮಾತು ಕಡಿಮೆ.

ಸ್ಟೀರಿಂಗ್ ಬಾಕ್ಸ್ ಎಂದರೆ ತೆಂಗಿನಕಾಯಿಗಿಂತ ತುಸು ದೊಡ್ಡದಾದ ಎರಕದ ಕಬ್ಬಿಣದ ಗೂಡು. ಚಾಲಕನ ಕೈಯಲ್ಲಿರುವ ಚಕ್ರದ ದಂಡ ಅದರೊಳಗೆ ಹೋಗುತ್ತದೆ. ದಂಡದ ತುದಿಯಲ್ಲಿ ಸುರುಳಿ ಹಲ್ಲು. ಆ ಸುರುಳಿಯನ್ನು ಕಚ್ಚಿಕೊಂಡು ಒಂದು ಉರುಳೆ ಓಡಾಡುತ್ತದೆ. ಉರುಳೆ ಸರಿದತ್ತ ಕಾರು ಹೊರಳುತ್ತದೆ. ಇಂಥ ಪೆಟ್ಟಿಗೆಗಳು ವಯಸ್ಸಾದಂತೆ ಎಣ್ಣೆ ಸೋರಿ ಕಪ್ಪಗೆ ಮೆತ್ತಿಕೊಂಡಿರುತ್ತವೆ. ಇದು ಮಾತ್ರ ಸುಟ್ಟ ಮಡಕೆಯ ಹಾಗೆ ಒಣಗಿತ್ತು.

ಮುಚ್ಚಳ ಎತ್ತಿದ ಕೂಡಲೇ ವಾಸನೆ ಬಂತು. ಕೊಬ್ಬರಿ ಎಣ್ಣೆ. ಅದರ ಬೆನ್ನಿಗೇ ಕೊಳೆತ ನಿಂಬೆಹಣ್ಣು, ಕರ್ಪೂರ, ಇನ್ನೂ ಏನೋ ಹಸಿ ಹಸಿಯಾದದ್ದು. ಪೆಟ್ಟಿಗೆಯೊಳಗೆ ಎಣ್ಣೆಯಿರಲಿಲ್ಲ. ಕಪ್ಪು ಮುದ್ದೆಯೊಂದನ್ನು ಸುರುಳಿ ಹಲ್ಲಿನ ಸುತ್ತ ಒತ್ತಿ ತುಂಬಿದ್ದರು. ತಾರಾ ಸ್ಕ್ರೂಡ್ರೈವರಿನಿಂದ ಕೆದಕಿದಳು. ಮುದ್ದೆ ಬಿಚ್ಚಿಕೊಂಡಿತು. ಅದು ಜಡೆ. ಪುಟ್ಟ ಹುಡುಗಿಯ ಜಡೆ. ತುದಿಗೆ ಕೆಂಪು ರಿಬ್ಬನ್ನು. ಜಡೆಯ ನಡುವೆ ಕಪ್ಪು ದಾರ ಸುತ್ತಿದ ಮೊಳೆಗಳು, ಗೀರು ಗೀರಾಗಿ ಏನೋ ಕೊರೆದು ಮಡಚಿದ ಸೀಸದ ತಗಡು.

ಹುಸೇನಪ್ಪನ ಕೈಯಿಂದ ಸ್ಪ್ಯಾನರು ಜಾರಿ ಬಿತ್ತು.

"ಅಕ್ಕಾರ, ಮುಟ್ಟಬ್ಯಾಡ್ರಿ. ಮಾಟ ಐತಿ ಅದು. ಮುಚ್ಚಳ ಹಾಕಿಬಿಡ್ರಿ."

"ಹುಸೇನಪ್ಪ, ಸವೆದ ಗೇರಿನ ಸದ್ದು ಕೇಳಿಸಬಾರದು ಅಂತ ಮರದ ಹೊಟ್ಟು ತುಂಬಿ ಕಾರು ಮಾರೋರನ್ನ ನೋಡಿದ್ದೀನಿ. ಯಾವನೋ ಕೂದಲು ತುಂಬಿದ್ದಾನೆ ಅಷ್ಟೆ."

"ಇದು ಮಾರಾಕ ತುಂಬಿದ್ದಲ್ರಿ." ಅವನ ದನಿ ಒಣಗಿತ್ತು. "ಯಾರೋ ಅತಗೋಂತ ತುಂಬ್ಯಾರ."

ತಾರಾ ನಕ್ಕಳು. ಆ ನಗು ಅವಳಿಗೇ ಅಷ್ಟು ಹಿಡಿಸಲಿಲ್ಲ. ಹಾಗಾಗಿ ಇನ್ನಷ್ಟು ಧೈರ್ಯ ತೋರಿಸುವವಳಂತೆ, ಕೈಗವಸು ತೆಗೆದು ಬರಿಗೈಯಿಂದಲೇ ಜಡೆಯನ್ನು ಎಳೆದಳು. ಬೇರು ಸಮೇತ ಕಿತ್ತ ಹಾಗೆ ಅದು ಬಂತು. ಶೆಡ್ಡಿನ ಹಿಂದೆ ಎಣ್ಣೆ ಬಟ್ಟೆಗಳನ್ನು ಸುಡುವ ಡ್ರಮ್ಮಿಗೆ ಅದನ್ನು ಎಸೆದು ಕಡ್ಡಿ ಗೀರಿದಳು. ಉರಿ ಹಸಿರಾಗಿ ಎದ್ದಿತು. ಕೂದಲು ಸುಟ್ಟ ವಾಸನೆ ಓಣಿಗೆಲ್ಲ ಹಬ್ಬಿತು. ಲೇತ್ ಯಂತ್ರದ ಸದ್ದು ನಿಂತಿತು. ಎಲ್ಲಿಯೋ ಬಹಳ ಹತ್ತಿರದಲ್ಲಿ ಒಂದು ಮಗು ಬಿಕ್ಕಿದ ಹಾಗೆ ಕೇಳಿಸಿತು. ತಾರಾ ಆಚೀಚೆ ನೋಡಿದಳು. ಓಣಿಯಲ್ಲಿ ಯಾರೂ ಇರಲಿಲ್ಲ.

ಹುಸೇನಪ್ಪ ನಲ್ಲಿಯ ಕೆಳಗೆ ತಲೆ ಒಡ್ಡಿ ಸ್ನಾನ ಮಾಡಿ ಅಂದು ಮನೆಗೆ ಹೋದವನು ಆ ಫಿಯಟ್ ಇರುವ ತನಕ ಶೆಡ್ಡಿಗೆ ಬರಲಿಲ್ಲ.

ತಾರಾ ಒಬ್ಬಳೇ ಕೆಲಸ ಮುಂದುವರಿಸಿದಳು. ಸುರುಳಿಯನ್ನು ತೊಳೆದು ಬೆಳಕಿಗೆ ಹಿಡಿದಾಗ ಅವಳ ಹುಬ್ಬು ಗಂಟಿಕ್ಕಿತು. ಕಾರು ಹೆಚ್ಚಾಗಿ ನೇರ ಓಡುವುದರಿಂದ ಸುರುಳಿ ಹಲ್ಲು ಯಾವಾಗಲೂ ನಡುವೆ ಸವೆಯುತ್ತದೆ. ಅವಳು ಬಿಚ್ಚಿದ ಪ್ರತಿಯೊಂದು ಪೆಟ್ಟಿಗೆಯಲ್ಲೂ ಹಾಗೆಯೇ ಇತ್ತು. ಇದರಲ್ಲಿ ನಡುವಿನ ಹಲ್ಲು ಹೊಸದರಂತೆ ಹೊಳೆಯುತ್ತಿತ್ತು. ಸವೆದದ್ದು ಒಂದು ಅಂಚು. ಎಡಕ್ಕೆ ಹೊರಳುವಾಗ ಮಾತ್ರ ಉರುಳೆ ಹೋಗಿ ಕಚ್ಚುವ ಅಂಚು. ಯಾರೋ ಈ ಕಾರನ್ನು ಬಿಡದೆ, ಎಡಕ್ಕೇ, ಸುತ್ತಿಸಿದ್ದರು. ಉಕ್ಕು ಕರಗುವ ತನಕ ಸುತ್ತಿಸಿದ್ದರು.

ವಿಚಿತ್ರ ಎಂದುಕೊಂಡಳು. ಆಮೇಲೆ ಮರೆತಳು.

ರಾಣಿಗಂಜಿನ ಹಳೆಯ ಅಂಗಡಿಯೊಂದರಲ್ಲಿ ಹೊಸ ಸುರುಳಿ, ಉರುಳೆ ಸಿಕ್ಕವು. ಸವೆದ ಬುಷ್ ಹೊಡೆದು ತೆಗೆದು ಹೊಸದನ್ನು ಕೂರಿಸಿದಳು. ಬೇರಿಂಗ್ ಬದಲಿಸಿದಳು. ಕೂದಲೆಳೆಯಂಥ ತಗಡುಗಳನ್ನು ಒಂದೊಂದಾಗಿ ಸೇರಿಸಿ, ತೆಗೆದು, ಮತ್ತೆ ಸೇರಿಸಿ, ದಂಡ ಅಲುಗದ ಹಾಗೆ, ಆದರೆ ಬಿಗಿಯದ ಹಾಗೆ ಹದ ಮಾಡಿದಳು. ದಪ್ಪ ಎಣ್ಣೆ ತುಂಬಿದಳು. ಚಕ್ರ ತಿರುಗಿಸಿ ನೋಡಿದರೆ ಬೆಣ್ಣೆಯಲ್ಲಿ ಬೆರಳಾಡಿಸಿದಂತೆ. ಎಡಕ್ಕೂ ಅಷ್ಟೇ, ಬಲಕ್ಕೂ ಅಷ್ಟೇ. ಇಷ್ಟು ಅಚ್ಚುಕಟ್ಟಾದ ಕೆಲಸ ತಾನು ಹಿಂದೆ ಮಾಡಿರಲಿಲ್ಲ ಎಂದು ಅವಳಿಗೆ ಹೆಮ್ಮೆಯಾಯಿತು. ಹಳೆಯ ಬಿಡಿಭಾಗಗಳನ್ನು ತನಗೆ ವಾಪಸು ಕೊಡಬೇಕೆಂದು ರೋಹಿತ ಹೇಳಿದ್ದ. ಸವೆದ ಸುರುಳಿಯನ್ನು ಪೇಪರಿನಲ್ಲಿ ಸುತ್ತಿ ಹಿಂದಿನ ಸೀಟಿನ ಮೇಲಿಟ್ಟಳು.

* * *

ಎಂಜಿನ್, ಬ್ರೇಕು, ಟಯರು ಎಲ್ಲ ಸರಿಯಾದ ಮೇಲೆ ಒಂದು ದಿನ, ಮಧ್ಯಾಹ್ನ ಇಳಿಯುತ್ತಿದ್ದಾಗ ಕಾರನ್ನು ಹೊರಗೆ ತೆಗೆದಳು. ಒಂದು ಸುತ್ತು ಓಡಿಸಿ ನೋಡಿ, ಹಾಗೇ ಮನೆಗೆ ಒಯ್ದು ಮಗಳು ಚಿತ್ರಾಳನ್ನು ಕೂರಿಸಿಕೊಂಡು ಬರಬೇಕೆಂದು ಅವಳ ಯೋಚನೆ. ಶೆಡ್ಡಿನಿಂದ ಮನೆ ದೂರವೇನಲ್ಲ. ದೊಡ್ಡ ರಸ್ತೆಯಲ್ಲಿ ಪೋಚಮ್ಮನ ಗುಡಿ ದಾಟಿ, ನೀರಿನ ಟ್ಯಾಂಕಿನ ಹತ್ತಿರ ಬಲಕ್ಕೆ ತಿರುಗಿದರೆ ಆಯಿತು.

ಕಾರು ಹೂವಿನಂತೆ ಹೋಯಿತು. ಗುಡಿ ದಾಟಿತು. ಟ್ಯಾಂಕು ಬಂತು. ತಾರಾ ಬಲಕ್ಕೆ ತಿರುಗಿಸಿದಳು.

ಚಕ್ರ ಅಂಗೈಯಗಲ ತಿರುಗಿ ನಿಂತಿತು. ಗಟ್ಟಿಯಾಗಿ ಸಿಕ್ಕಿಕೊಂಡದ್ದಲ್ಲ. ಮೆತ್ತಗೆ ನಿಂತಿತು. ಆ ಕಡೆಯಿಂದ ಯಾರೋ ಸಣ್ಣ ಕೈಯಲ್ಲಿ ಹಿಡಿದುಕೊಂಡ ಹಾಗೆ. ಆಮೇಲೆ ನಿಧಾನವಾಗಿ, ಹಠ ಮಾಡುವ ಮಗುವಿನ ಹಾಗೆ, ಅವಳ ಕೈಗಳನ್ನೂ ಎಳೆದುಕೊಂಡು ಎಡಕ್ಕೆ ಹೊರಳಿತು.

ಎಡಕ್ಕೊಂದು ಬೀದಿ. ಅದರ ತುದಿಯಲ್ಲಿ ಮತ್ತೆ ಎಡ. ಮತ್ತೆ ಎಡ. ಪೋಚಮ್ಮನ ಗುಡಿ ಬಂತು.

ತಾರಾ ಕಾರು ನಿಲ್ಲಿಸಿ ಕೆಳಗೆ ತೂರಿ ನೋಡಿದಳು. ಎಲ್ಲ ಬೋಲ್ಟುಗಳೂ ಬಿಗಿಯಾಗಿದ್ದವು. ಚಕ್ರವನ್ನು ಕೈಯಿಂದ ತಿರುಗಿಸಿದಳು. ಸಲೀಸಾಗಿ ಬಲಕ್ಕೆ ಬಂತು. ಎಲ್ಲೋ ಚೂರು ಕಬ್ಬಿಣ ಸಿಕ್ಕಿಕೊಂಡಿದ್ದು ಈಗ ಬಿಟ್ಟಿತು ಎಂದು ತನಗೆ ತಾನೇ ಹೇಳಿಕೊಂಡಳು. ಹೊರಟಳು. ಟ್ಯಾಂಕು. ಬಲಕ್ಕೆ. ಮೆತ್ತನೆಯ ಕೈ. ಎಡಕ್ಕೆ. ಎಡಕ್ಕೆ. ಎಡಕ್ಕೆ. ಗುಡಿ.

ಅವಳು ಕಾರನ್ನು ಅಲ್ಲೇ ಬಿಟ್ಟಳು. ಬೀಗದ ಕೈ ಮುಷ್ಟಿಯಲ್ಲಿ ಹಿಡಿದು ನಡೆದೇ ಹೊರಟಳು. ಟ್ಯಾಂಕಿನ ಹತ್ತಿರ ಬಲಕ್ಕೆ ತಿರುಗಿದಳು. ದಿನವೂ ನೋಡುವ ಬೀದಿ. ಇಸ್ತ್ರಿ ಅಂಗಡಿ. ಬೇವಿನ ಮರ. ಇನ್ನು ಮೂಲೆ ದಾಟಿದರೆ ಮನೆಯ ಗೇಟು. ಮೂಲೆ ದಾಟಿದಳು. ಗುಡಿಯ ಮುಂದೆ ನಿಂತಿದ್ದಳು. ಕಾರು ಎದುರಿಗೇ ಇತ್ತು. ಎಂಜಿನ್ ಓಡುತ್ತಿತ್ತು.

ಬೀಗದ ಕೈ ಅವಳ ಮುಷ್ಟಿಯಲ್ಲೇ ಇತ್ತು.

ವಿನಾಯಕನಿಗೆ ಫೋನು ಮಾಡಿದಳು. ಏನು ಹೇಳಬೇಕೆಂದು ತಿಳಿಯದೆ, "ಕಾರು ಕೈ ಕೊಟ್ಟಿದೆ, ಪೋಚಮ್ಮನ ಗುಡಿ ಹತ್ರ ಬನ್ನಿ" ಎಂದಳು. ಅವನು ಬೈಕಿನಲ್ಲಿ ಹೊರಟ. ಸ್ವಲ್ಪ ಹೊತ್ತಿಗೆ ಅವನೇ ಕರೆ ಮಾಡಿದ.

"ಗುಡಿ ಮುಂದೆ ನಿಂತಿದ್ದೀನಿ. ಎಲ್ಲಿದ್ದೀಯ ನೀನು?"

ತಾರಾ ಸುತ್ತ ನೋಡಿದಳು. "ನಾನೂ ಗುಡಿ ಮುಂದೇನೇ ಇದ್ದೀನಿ."

"ತಮಾಷೆ ಮಾಡ್ಬೇಡ. ಇಲ್ಲಿ ಕಾರೂ ಇಲ್ಲ, ನೀನೂ ಇಲ್ಲ."

ಅಷ್ಟರಲ್ಲಿ ಫೋನಿನೊಳಗೆ ಢಣ್ ಎಂದು ಗಂಟೆ ಕೇಳಿಸಿತು. ಯಾರೋ ಭಕ್ತರು ಗುಡಿಗೆ ಬಂದು ಹೊಡೆದ ಗಂಟೆ. ತಾರಾ ತಲೆಯೆತ್ತಿದಳು. ಅವಳ ಕಣ್ಣೆದುರಿನ ಗುಡಿಯಲ್ಲಿ ಗಂಟೆ ಅಲುಗದೆ ತೂಗುಬಿದ್ದಿತ್ತು. ಗುಡಿಯ ಮುಂದೆ ಒಬ್ಬರೂ ಇರಲಿಲ್ಲ. ರಸ್ತೆಯಲ್ಲಿ ಆಟೋ ಇಲ್ಲ, ಬಸ್ಸಿಲ್ಲ, ನಾಯಿ ಸಹ ಇಲ್ಲ. ಯಾವಾಗಿನಿಂದ ಹೀಗೆ ಬಿಕೋ ಎನ್ನುತ್ತಿತ್ತು ಈ ರಸ್ತೆ? ಅವಳಿಗೆ ನೆನಪಾಗಲಿಲ್ಲ.

ಸಂಜೆಯ ಬೆಳಕು ಹಳದಿಯಾಗಿ, ಆಮೇಲೆ ಬೂದಿ ಬಣ್ಣವಾಗಿ ಇಳಿಯಿತು. ಕಾರಿನ ಬಾಗಿಲು ತೆರೆದೇ ಇತ್ತು. ಒಳಗಿನಿಂದ ಕೊಬ್ಬರಿ ಎಣ್ಣೆಯ ವಾಸನೆ ಬರುತ್ತಿತ್ತು.

ಅವಳು ರೋಹಿತನಿಗೆ ಫೋನು ಮಾಡಿದಳು. "ನಿಮ್ಮ ಅಜ್ಜಿಗೆ ಕೊಡಿ" ಎಂದಳು. ಅವಳ ದನಿ ಕೇಳಿ ಅವನು ಏನೂ ಕೇಳದೆ ಕೊಟ್ಟ.

"ಬಿಚ್ಚಿದೇನವ್ವಾ?" ಎಂದಳು ಶಿವದೇವಿ.

"ಬಿಚ್ಚಿದೆ ಅಜ್ಜಿ. ಮನೆಗೆ ಹೋಗೋಕಾಗ್ತಿಲ್ಲ."

ಮುದುಕಿ ಹೇಳಿದಳು.

"ಅವರೂ ಹಂಗ ಅಂದ್ರು. ನನ್ನ ಗಂಡ ಮಲ್ಲಪ್ಪ. ಜೀಡಿಮೆಟ್ಲಾದಾಗ ಕಾರ್ಖಾನಿ ಕಟ್ಟೋ ಗುತ್ತೇದಾರ. ಒಂದಿನ ಮುಸ್ಸಂಜಿಗೆ ಅಲ್ಲಿಂದ ಬರಾಕ ಹತ್ತಿದಾಗ ಒಂದು ಕೂಸು ಗಾಡಿಗೆ ಸಿಕ್ತು. ಅವರ ಹತ್ರ ಜಲ್ಲಿ ಹೊರತಿದ್ದ ಸಾಬಮ್ಮನ ಮಗಳು. ಶಿವಗಂಗಾ ಅಂತ ಹೆಸರು. ಇಳದು ನೋಡಲಿಲ್ಲ ಅವರು. ಸೀದಾ ಮನೀಗೆ ಬಂದು ಕೈಕಾಲ ತೊಳಕೊಂಡು ಉಂಡ್ರು. ಆಕಿ ಅವ್ವ ನಮ್ಮ ಬಾಗಿಲಿಗೆ ಬಂದು ಅತ್ತಳು. ನನ್ನ ಗಾಡಿ ಅಲ್ಲ ಅಂದುಬಿಟ್ರು. ನೀ ಮನೀ ಮುಟ್ಟಿದೆಲ್ಲಾ, ನನ್ನ ಕೂಸು ಮುಟ್ಟಲಿಲ್ಲ, ಇನ್ನ ನೀ ಮುಟ್ಟಂಗಿಲ್ಲ ಅಂದು ಹೋದಳು. ಒಡದ ದೀಪಾ ಹಾಕಿಸಾಕ ಗಾಡಿ ಗ್ಯಾರೇಜಿಗೆ ಹೋಗಿತ್ತು. ಅಲ್ಲೇ ಆ ಕೂಸಿನ ಜಡಿ ತುಂಬಿಸ್ಯಾಳ."

"ಆಮೇಲೆ?"

"ಒಂದಿನ ಅಂಗಡಿಯೊಂದರಿಂದ ಫೋನ್ ಮಾಡಿದ್ರು. ಶಿವದೇವಿ, ಮನೀ ದೀಪ ಕಾಣಾಕತ್ತದ, ಬರಾಕ ಆಗವಲ್ದು ಅಂದ್ರು. ಮರುದಿನ ಸಿಕ್ರು, ನಮ್ಮ ಹಿಂದಿನ ಓಣ್ಯಾಗ. ಕೈ ಚಕ್ರದ ಮ್ಯಾಲೇ ಇದ್ವು. ಜೀವ ಇರಲಿಲ್ಲ."

ತಾರಾ ಕಾರಿಗೆ ಒರಗಿ ನಿಂತಳು.

"ನಾನು ಏನು ಮಾಡ್ಲಿ ಅಜ್ಜಿ?"

"ನಾ ಸಾಬಮ್ಮನ ಕಾಲು ಹಿಡದೆ. ತಪ್ಪಾತು ತೆಗೀ ಅಂದೆ. ನೀನ ತೆಗದು ನನ್ನ ಬಾಗಿಲಿಗೆ ತಂದುಕೊಡು, ನನಗೂ ನನ್ನ ಮಗಳು ಬೇಕಾಗ್ಯಾಳ, ಸಿಟ್ಟಿನಾಗ ಆಕೀನ್ನೂ ಅದರಾಗ ಸೇರಿಸಿ ಕಟ್ಟಿಬಿಟ್ಟೆ ಅಂತ ಅತ್ತಳು. ನನಗ ಬಿಚ್ಚೋ ಧೈರ್ಯ ಆಗಲಿಲ್ಲ. ಬೀಗ ಹಾಕಿ ಕುಂತೆ. ಆಕಿ ಇನ್ನೂ ಅಲ್ಲೇ ಅದಾಳಂತ. ಜೀಡಿಮೆಟ್ಲಾದಾಗ, ಮುಚ್ಚಿದ ಬಣ್ಣದ ಕಾರ್ಖಾನಿ ಗ್ವಾಡಿಗೆ ಹತ್ತಿ ಒಂದು ಖೋಲಿ. ಆ ಜಡಿ ಆಕೀಗೆ ಮುಟ್ಟಿಸವ್ವಾ."

"ಸುಟ್ಟುಬಿಟ್ಟೆ ಅಜ್ಜಿ."

ಶಿವದೇವಿ ಫೋನು ಇಟ್ಟಳೋ, ಅದೇ ಕಡಿದುಹೋಯಿತೋ ತಿಳಿಯಲಿಲ್ಲ.

ತಾರಾ ಹಿಂದಿನ ಬಾಗಿಲು ತೆರೆದು ಪೇಪರಿನ ಪೊಟ್ಟಣ ಬಿಚ್ಚಿದಳು. ಹಳೆಯ ಸುರುಳಿಯನ್ನು ಫೋನಿನ ಬೆಳಕಿಗೆ ಹಿಡಿದು ಹಲ್ಲು ಹಲ್ಲು ಹುಡುಕಿದಳು. ಅಷ್ಟು ತೊಳೆದಿದ್ದರೂ ಬೇರಿಂಗ್ ಕೂರುವ ಸಂದಿನಲ್ಲಿ ಒಂದಿಷ್ಟು ಕೂದಲು ಬಿಗಿಯಾಗಿ ಸುತ್ತಿಕೊಂಡು ಉಳಿದಿತ್ತು. ಅವಳು ಅದನ್ನು ಕೀಳಲಿಲ್ಲ. ಸುರುಳಿಯನ್ನು ಹಾಗೆಯೇ ಸೀಟಿನ ಮೇಲೆ ಮಲಗಿಸಿದಳು. ತನ್ನ ದುಪಟ್ಟಾ ತೆಗೆದು ಹೊದಿಸಿದಳು. ತಾನೇನು ಮಾಡುತ್ತಿದ್ದೇನೆಂದು ಅವಳಿಗೆ ನಾಚಿಕೆಯಾಯಿತು. ಆದರೂ ಚಕ್ರದ ಮುಂದೆ ಕೂತು ಗಟ್ಟಿಯಾಗಿ ಹೇಳಿದಳು:

"ಶಿವಗಂಗಾ, ನಿನ್ನ ಮನೆಗೆ ಕರ್ಕೊಂಡು ಹೋಗ್ತೀನಿ. ನಡಿ ಪುಟ್ಟಾ."

ಹಿಂದಿನ ಸೀಟಿನ ಸ್ಪ್ರಿಂಗು ಕಿರ್ ಎಂದಿತು. ಸಣ್ಣ ಭಾರ ಕೂತಷ್ಟು ಮಾತ್ರ.

ಚಕ್ರ ಹಗುರಾಯಿತು. ಬಲಕ್ಕೆ ತಿರುಗಿತು.

ಅವಳು ಕನ್ನಡಿ ನೋಡಲಿಲ್ಲ. ಕನ್ನಡಿಯನ್ನು ಕೈಯಿಂದ ಮೇಲಕ್ಕೆ ಹೊರಳಿಸಿಬಿಟ್ಟಳು. ರಸ್ತೆಯಲ್ಲಿ ಮತ್ತೆ ವಾಹನಗಳು ಹುಟ್ಟಿಕೊಂಡವು. ಹಾರ್ನು, ಹೊಗೆ, ದೀಪ. ಯಾವ ತಿರುವಿನಲ್ಲಿ ಏನು ಮಾಡಬೇಕೆಂದು ಅವಳು ಯೋಚಿಸಬೇಕಾಗಲಿಲ್ಲ. ಚಕ್ರಕ್ಕೆ ದಾರಿ ಗೊತ್ತಿತ್ತು. ಅವಳ ಕೈಗಳು ಸುಮ್ಮನೆ ಅದರ ಮೇಲೆ ಕೂತಿದ್ದವು. ಅವುಗಳ ನಡುವೆ ಇನ್ನೆರಡು ಕೈಗಳಿದ್ದವು. ಕಾಣುತ್ತಿರಲಿಲ್ಲ. ತಣ್ಣಗಿದ್ದವು. ಅವಳ ಕಿವಿಯ ಹಿಂದೆ ಸಣ್ಣಗೆ ಉಸಿರು ತಾಗುತ್ತಿತ್ತು. ಒಂದು ಕಡೆ ರಸ್ತೆಯ ಅಂಚಿನಲ್ಲಿ ಉಸಿರು ನಿಂತಿತು. ಚಕ್ರ ನಡುಗಿತು. ಅಲ್ಲೇ ಇರಬೇಕು, ಎಂದುಕೊಂಡಳು ತಾರಾ. ಅಲ್ಲೇ ಬಿದ್ದಿರಬೇಕು. ಅವಳ ಕಣ್ಣಲ್ಲಿ ನೀರು ಬಂತು. "ಆಯ್ತು, ಆಯ್ತು, ಬಂದುಬಿಟ್ವಿ" ಎಂದಳು.

ಔಷಧಿ ಕಾರ್ಖಾನೆಗಳ ಘಾಟು ಮೂಗಿಗೆ ಹೊಡೆಯಿತು. ಮುಚ್ಚಿದ ಕಾರ್ಖಾನೆಯ ಗೋಡೆಗೆ ಆತುಕೊಂಡು ತಗಡು ಹೊದಿಸಿದ ಒಂದೇ ಕೋಣೆ. ಹೊಸ್ತಿಲ ಮೇಲೆ, ಪುಟ್ಟ ಬಲ್ಬಿನ ಕೆಳಗೆ, ಒಬ್ಬ ಮುದುಕಿ ಕೂತಿದ್ದಳು. ಕಾರಿನ ಸದ್ದಿಗೆ ಅವಳು ತಲೆ ಎತ್ತಿದಳು. ಕಣ್ಣಿಗೆ ಪೊರೆ ಬಂದಿತ್ತು. ಆದರೂ ಆ ಎಂಜಿನ್ ಯಾವುದೆಂದು ಅವಳಿಗೆ ಗೊತ್ತಾಯಿತು. ಗೋಡೆ ಹಿಡಿದು ಎದ್ದು ನಿಂತಳು.

ತಾರಾ ದುಪಟ್ಟಾದಲ್ಲಿ ಸುತ್ತಿದ್ದ ಸುರುಳಿಯನ್ನು, ಮಲಗಿದ ಮಗುವನ್ನು ಎತ್ತಿಕೊಳ್ಳುವಂತೆ ಎತ್ತಿ ತಂದು, ಸಾಬಮ್ಮನ ಕೈಯಲ್ಲಿಟ್ಟಳು. ಸಾಬಮ್ಮ ಬೆರಳಿನಿಂದ ತಡವಿದಳು. ಕಬ್ಬಿಣವನ್ನು ಸವರಿ, ಸಂದಿನ ಕೂದಲು ಸಿಕ್ಕಾಗ ಅವಳ ಬೆರಳು ನಿಂತವು. ಅದನ್ನು ಕೆನ್ನೆಗೆ ಒತ್ತಿಕೊಂಡು ಹಿಂದೆ ಮುಂದೆ ತೂಗಿದಳು.

ತೂಗುತ್ತಲೇ ಕೇಳಿದಳು:

"ಉಳಿದದ್ದು ಎಲ್ಲೈತಿ?"

"ತಪ್ಪಾಯ್ತಮ್ಮ. ನನಗೆ ಗೊತ್ತಿರಲಿಲ್ಲ. ಸುಟ್ಟೆ."

"ಅದಕ್ಕ." ಸಾಬಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಹೆಚ್ಚು ಭಯ ಹುಟ್ಟಿಸಿತು. "ಅದಕ್ಕ ಬಾಗಿಲದಾಗ ನಿಂತಾಳ, ಒಳಗ ಬರವಲ್ಲಳು. ಬಾಯಿ ತಗೀತಾಳ, ಮಾತು ಬರವಲ್ದು. ಪೂರ್ತಿ ತರಲಿಲ್ಲ ನೀ."

ತಾರಾ ಹೊಸ್ತಿಲ ಕಡೆ ನೋಡಲಿಲ್ಲ. ಅವಳ ಕುತ್ತಿಗೆ ತಿರುಗಲಿಲ್ಲ.

"ನಿನಗ ಮಕ್ಕಳು ಅದಾವೇನು?"

"ಒಬ್ಬಳು ಮಗಳು."

"ಏನಂತ ಕರೀತಾಳ ನಿನ್ನ?"

"ಅಮ್ಮ ಅಂತ."

"ಅದನ್ನ ಕೊಟ್ಟು ಹೋಗು. ಮನೀ ಮುಟ್ಟತಿ."

ಮುದುಕಿಗೆ ಅರಳುಮರಳು ಎಂದು ತಾರಾಳ ಮನಸ್ಸು ಆ ಗಳಿಗೆಯಲ್ಲೂ ಹೇಳಿತು. ಅಮ್ಮ ಎಂಬ ಒಂದು ಶಬ್ದವನ್ನು ಕೊಡುವುದು ಎಂದರೇನು? ಕೂದಲಲ್ಲ, ರಕ್ತವಲ್ಲ, ಮಗಳ ಜೀವವಲ್ಲ. ಅವಳಿಗೆ ಮನೆ ಬೇಕಾಗಿತ್ತು. ಮನೆಯ ಗೇಟು, ಮೆಟ್ಟಿಲು, ಬಾಗಿಲು ಬೇಕಾಗಿತ್ತು.

"ತಗೊಳ್ಳಿ" ಎಂದಳು.

ಬಲ್ಬು ಒಮ್ಮೆ ಮಿಣುಕಿತು. ತಾರಾಳ ಪಕ್ಕದಿಂದ ಏನೋ ಸರಿದು ಒಳಗೆ ಹೋಯಿತು. ಅವಳ ಕುರ್ತಾದ ಅಂಚು ಅಲುಗಿತು. ಸಾಬಮ್ಮ ಬಾಗಿಲು ಹಾಕಿಕೊಂಡಳು.

ತಾರಾ ಓಡಿದಳು. ಕಾರು ಹತ್ತಿದಳು. ಹಿಂದಿನ ಸೀಟು ಖಾಲಿಯಿತ್ತು. ಅದು ಖಾಲಿಯಿದೆಯೆಂದು ನೋಡದೆಯೇ ತಿಳಿಯುತ್ತಿತ್ತು. ಕುಷಾಯಿಗೂಡ. ಗುಡಿ. ಟ್ಯಾಂಕು. ಬಲಕ್ಕೆ. ಬಲಕ್ಕೇ ಹೋಯಿತು. ಇಸ್ತ್ರಿ ಅಂಗಡಿ. ಬೇವಿನ ಮರ. ಮೂಲೆ. ಗೇಟು.

ಗೇಟಿನಲ್ಲಿ ವಿನಾಯಕ ನಿಂತಿದ್ದ. ಅವನ ಮುಖ ಬಿಳುಚಿತ್ತು. ಅವನ ಕೈ ಬಿಡಿಸಿಕೊಂಡು ಚಿತ್ರಾ ಓಡಿ ಬಂದು ತಾರಾಳ ಕಾಲಿಗೆ ಸುತ್ತಿಕೊಂಡಳು. "ಎಲ್ಲಿಗೆ ಹೋಗಿದ್ದೆ? ಎಷ್ಟು ಹೊತ್ತು!" ಎಂದು ಗದರಿದಳು. ತಾರಾ ಮಗಳನ್ನು ಎತ್ತಿ ಮುಖಕ್ಕೆ ಮುಖ ಒತ್ತಿ ಅತ್ತಳು. ಏನೂ ಆಗಿಲ್ಲ, ಎಲ್ಲ ಸರಿಯಾಗಿದೆ ಎಂದು ಅವಳಿಗೆ ಅನ್ನಿಸಿತು.

* * *

ರೋಹಿತನ ಮದುವೆ ಚೆನ್ನಾಗಿ ನಡೆಯಿತು. ಫಿಯಟ್ ಮಂಟಪದ ಮುಂದೆ ಹೂವಿನ ಹಾರ ಹಾಕಿಕೊಂಡು ನಿಂತ ಫೋಟೋ ಕಳಿಸಿದ್ದ. ಸ್ಟೀರಿಂಗ್ ಬೆಣ್ಣೆಯಂತಿದೆ ಎಂದು ಬರೆದಿದ್ದ.

ಮನೆಯಲ್ಲಿ ಏನು ಕಳೆದುಹೋಗಿದೆ ಎಂದು ತಾರಾಳಿಗೆ ತಿಳಿಯಲು ಸ್ವಲ್ಪ ಸಮಯ ಹಿಡಿಯಿತು. ಚಿತ್ರಾ ನಗುತ್ತಿದ್ದಳು, ತಿನ್ನುತ್ತಿದ್ದಳು, ರಾತ್ರಿ ಅವಳ ಕುತ್ತಿಗೆ ತಬ್ಬಿ ಮಲಗುತ್ತಿದ್ದಳು. ನೀರು ಬೇಕಾದರೆ "ನೀರು ಕೊಡು" ಎನ್ನುತ್ತಿದ್ದಳು. ಯಾರಿಗೆ ಹೇಳುತ್ತಿದ್ದೇನೆಂದು ಹೇಳುತ್ತಿರಲಿಲ್ಲ. ದೂರದಿಂದ ಕರೆಯಬೇಕಾದರೆ ಹತ್ತಿರ ಬಂದು ಸೆರಗೋ ತೋಳೋ ಜಗ್ಗುತ್ತಿದ್ದಳು. ಶಾಲೆಯಲ್ಲಿ, ಕರೆದೊಯ್ಯಲು ಬಂದವರು ಯಾರು ಎಂದು ಟೀಚರು ಕೇಳಿದರೆ "ನಮ್ಮ ಮನೆಯವ್ರು" ಎಂದಳಂತೆ.

ವಿನಾಯಕ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿಸಿದ. ಅಪ್ಪ ಎಂದಳು. ಅಜ್ಜಿ ಎಂದಳು. ಅತ್ತೆ ಎಂದಳು. ಅದೊಂದು ಮಾತಿಗೆ ಬಂದಾಗ ತುಟಿಗಳು ಸೇರಿದವು, ಬಿಟ್ಟವು, ಮತ್ತೆ ಸೇರಿದವು. ಮಗು ಗೊಂದಲದಿಂದ ಅಪ್ಪನ ಮುಖ ನೋಡಿತು. ಹೆದರಿಕೆಗೆ ಹೀಗಾಗುತ್ತದೆ, ತಾನಾಗಿ ಸರಿಹೋಗುತ್ತದೆ ಎಂದರು ಡಾಕ್ಟರು.

ಶೆಡ್ಡಿಗೆ ಮರಳಿ ಬಂದ ಹುಸೇನಪ್ಪ ಒಂದು ಸುದ್ದಿ ತಂದಿದ್ದ. ಅವನ ನೆಂಟರು ಜೀಡಿಮೆಟ್ಲಾದಲ್ಲಿದ್ದರು. ಅಲ್ಲಿ ಒಂಟಿಯಾಗಿರುವ ಮುದುಕಿಯ ಖೋಲಿಯಿಂದ ಒಂದು ಕೂಸಿನ ದನಿ ಕೇಳುತ್ತದಂತೆ. ನಮ್ಮ ಕಡೆಯವರ ದನಿಯಲ್ಲವಂತೆ. ಅವ್ವ ಅನ್ನುವುದಿಲ್ಲವಂತೆ.

"ಅಮ್ಮಾ ಅಂತದಂತ್ರಿ ಅಕ್ಕಾರ," ಎಂದ ಹುಸೇನಪ್ಪ, ನೆಲ ನೋಡುತ್ತ. "ಮೈಸೂರಿನವರಂಗ."

ತಾರಾ ಕೈಯಲ್ಲಿದ್ದ ಬಟ್ಟೆಯಿಂದ ಒರೆಸಿದ್ದನ್ನೇ ಒರೆಸುತ್ತ ನಿಂತಳು.

ಆ ಭಾನುವಾರ ಬೆಳಿಗ್ಗೆ ಚಿತ್ರಾ ಗೇಟಿನ ಮುಂದೆ ಸೈಕಲ್ ತುಳಿಯುತ್ತಿದ್ದಳು. ತಾರಾ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದಳು. ಸೈಕಲ್ ಕಲ್ಲಿಗೆ ತಾಗಿ ಮಗು ಮುಗ್ಗರಿಸಿ ಬಿತ್ತು. ಮೊಣಕಾಲು ಸುಲಿದು ರಕ್ತ ಜಿನುಗಿತು. ಎದ್ದು ಕೂತು, ನೋವಿಗೆ ಕಣ್ಣು ತುಂಬಿ, ಇಷ್ಟಗಲ ಬಾಯಿ ತೆರೆದಳು. ತಾರಾ ಉಸಿರು ಬಿಗಿಹಿಡಿದು ಕಾದಳು. ತುಟಿ ಕೂಡಿತು. ಬಿಟ್ಟಿತು. ಕೂಡಿತು. ಮಗು ಹುಡುಕಿತು. ಬಾಯೊಳಗೆಲ್ಲ ಹುಡುಕಿತು. ಕೊನೆಗೆ, ದಾರಿಯಲ್ಲಿ ಹೋಗುವ ಗುರುತಿಲ್ಲದ ಹೆಂಗಸನ್ನು ಕರೆಯುವ ಹಾಗೆ, ಬಿಕ್ಕುತ್ತ ಕರೆಯಿತು:

"ಏನ್ರೀ... ರಕ್ತ ಬರ್ತಿದೆ."